ಕಾರ್ಲೈಲ್ ಹುಡುಗರ 1912

1912ರ ನವೆಂಬರ್ 9ರಂದು ನ್ಯೂಯಾರ್ಕ್ ರಾಜ್ಯದ ವೆಸ್ಟ್ ಪಾಯಿಂಟ್‌ನಲ್ಲಿ ಎರಡು ಅಮೆರಿಕನ್ ಫುಟ್‌ಬಾಲ್ ತಂಡಗಳು ಎದುರುಬದುರಾದವು. ಒಂದು, ಅಮೆರಿಕದ ಸೇನಾಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಯ ಕೆಡೆಟ್‌ಗಳದ್ದು. ಇನ್ನೊಂದು, ಆ ಸೇನೆ ಯಾರ ನೆಲವನ್ನು ಕಸಿದುಕೊಂಡಿತ್ತೋ ಆ ಮೂಲನಿವಾಸಿಗಳ ಮಕ್ಕಳದ್ದು. ಸೈನಿಕರು ಲಕೋಟಾ ಹೆಂಗಸರು, ಮಕ್ಕಳೆನ್ನದೆ ಗುಂಡಿಟ್ಟು ಕೊಂದ ವೂಂಡೆಡ್ ನೀ ಹತ್ಯಾಕಾಂಡ ನಡೆದು ಆಗಿನ್ನೂ 22 ವರ್ಷವೂ ತುಂಬಿರಲಿಲ್ಲ. ಕೆಡೆಟ್‌ಗಳ ತಂಡದಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾಗಲಿದ್ದ ಡ್ವೈಟ್ ಐಸೆನ್‌ಹೋವರ್ ಇದ್ದರು. ಪಂದ್ಯ 27–6ರಲ್ಲಿ ಮುಗಿಯಿತು. ಗೆದ್ದವರು ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಶಾಲೆಯ ಹುಡುಗರು.

ಆ ವರ್ಷದ ಆಟದ ಋತುವನ್ನು ತಂಡದ ತಾರೆ ಜಿಮ್ ಥೋರ್ಪ್ ಒಬ್ಬರ ಕಥೆಯಾಗಿ ಹೇಳುವುದು ರೂಢಿ. ಅದಕ್ಕಿಂತ ಕೆಟ್ಟ ರೂಢಿಯೊಂದಿದೆ: ಆ ಗೆಲುವುಗಳನ್ನೆಲ್ಲ ಶಾಲೆಯ ಖಾತೆಗೆ ಜಮೆ ಮಾಡುವುದು. ಹಾಗೆ ಮಾಡುವವರು ಆ ಶಾಲೆ ಎಂಥದ್ದೆಂದು ಮೊದಲು ನೋಡಬೇಕು.

ಸೇನಾಧಿಕಾರಿ ರಿಚರ್ಡ್ ಹೆನ್ರಿ ಪ್ರ್ಯಾಟ್ 1879ರಲ್ಲಿ ಹಳೆಯ ಸೈನಿಕ ಬ್ಯಾರಕ್‌ಗಳಲ್ಲಿ ಅದನ್ನು ಶುರುಮಾಡಿದರು. ಮನುಷ್ಯನನ್ನು ಉಳಿಸಬೇಕಾದರೆ ಅವನೊಳಗಿನ ಇಂಡಿಯನ್ನನನ್ನು ಕೊಲ್ಲಬೇಕು ಎಂಬುದು ಅವರು 1892ರಲ್ಲಿ ಬಹಿರಂಗವಾಗಿಯೇ ಆಡಿದ ಮಾತು. ಮಕ್ಕಳು ಬಂದಿಳಿದ ಕೂಡಲೇ ಉದ್ದಜಡೆಗೆ ಕತ್ತರಿ ಬೀಳುತ್ತಿತ್ತು. ಹುಟ್ಟಿದ ಹೆಸರು ಹೋಗಿ ಇಂಗ್ಲಿಷ್ ಹೆಸರು ಬರುತ್ತಿತ್ತು. ತಾಯ್ನುಡಿ ಆಡಿದರೆ ಶಿಕ್ಷೆ. ಶಾಲೆ ನಡೆದಷ್ಟು ಕಾಲದಲ್ಲಿ ಸುಮಾರು 7,800 ಮಕ್ಕಳು ಅಲ್ಲಿಗೆ ಬಂದರು. ಕ್ಷಯ ಮುಂತಾದ ರೋಗಗಳಿಂದ ಸತ್ತ ಎಷ್ಟೋ ಮಕ್ಕಳನ್ನು ಅಲ್ಲಿಯೇ ಮಣ್ಣು ಮಾಡಲಾಯಿತು. ಅವರ ಅವಶೇಷಗಳನ್ನು ಕುಲದವರು ಊರಿಗೆ ಕೊಂಡೊಯ್ಯುವ ಕೆಲಸ 2017ರಿಂದ ನಡೆಯುತ್ತಿದೆ.

ಫುಟ್‌ಬಾಲ್ ಅಲ್ಲಿಗೆ ಬಂದದ್ದು ಹುಡುಗರ ಹಟದಿಂದ. ಒಬ್ಬನ ಕಾಲು ಮುರಿದ ಮೇಲೆ ಪ್ರ್ಯಾಟ್ ಹೊರಗಿನವರ ಜೊತೆ ಆಡುವುದನ್ನು ನಿಲ್ಲಿಸಿಬಿಟ್ಟಿದ್ದರು. ಕೆಲವು ವರ್ಷಗಳ ನಂತರ ಹುಡುಗರ ದಂಡೊಂದು ಅವರ ಕಚೇರಿಗೆ ಹೋಗಿ, ಮತ್ತೆ ಆಡಲು ಬಿಡಿ ಎಂದು ವಾದಿಸಿತು. ಪ್ರ್ಯಾಟ್ ಎರಡು ಷರತ್ತು ಹಾಕಿದರು: ಎದುರಾಳಿ ಹೊಡೆದರೂ ತಿರುಗಿ ಹೊಡೆಯಬಾರದು, ಕೆಲವೇ ವರ್ಷಗಳಲ್ಲಿ ದೇಶದ ದೊಡ್ಡ ತಂಡಗಳನ್ನು ಸೋಲಿಸಬೇಕು. ಹುಡುಗರು ಒಪ್ಪಿದರು.

ಆ ಕಾಲದ ಆಟ ಬಲು ಕ್ರೂರವಾಗಿತ್ತು. ಗುಂಪಾಗಿ ಹೆಗಲಿಗೆ ಹೆಗಲು ಕೊಟ್ಟು ನುಗ್ಗುವುದೇ ತಂತ್ರ. 1905ರಲ್ಲಿ ಆಟಗಾರರ ಸಾವುಗಳು ಎಷ್ಟು ಸುದ್ದಿಯಾದವೆಂದರೆ ಅಧ್ಯಕ್ಷ ಥಿಯೋಡೋರ್ ರೂಸ್ವೆಲ್ಟ್ ಅವರೇ ಮಧ್ಯೆ ಬರಬೇಕಾಯಿತು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ದೊಡ್ಡ ವಿಶ್ವವಿದ್ಯಾಲಯಗಳು ಅದನ್ನು ಅನುಮಾನದಿಂದ ನೋಡುತ್ತಿದ್ದಾಗ ಕಾರ್ಲೈಲ್ ಹುಡುಗರು 1907ರಲ್ಲೇ ಅದನ್ನು ಅಸ್ತ್ರ ಮಾಡಿಕೊಂಡರು. ಎದುರಾಳಿಗಳಿಗಿಂತ ತೂಕದಲ್ಲಿ ಕಡಿಮೆಯಿದ್ದ ಅವರಿಗೆ ವೇಗ ಮತ್ತು ಬುದ್ಧಿಯೇ ಬಂಡವಾಳ. ಪತ್ರಿಕೆಗಳು ಮಾತ್ರ ಅವರ ಪಂದ್ಯ ಎಂದರೆ ನೆತ್ತಿಚರ್ಮ ಸುಲಿಯುವ ಕಾಡುಜನರ ದಾಳಿ ಎಂಬಂತೆ ಬರೆಯುತ್ತಿದ್ದವು. ಆ ಬರಹಗಳು ಇವತ್ತಿಗೂ ಸಿಟ್ಟು ತರಿಸುತ್ತವೆ.

1912ರಲ್ಲಿ ನಿಯಮಗಳು ಮತ್ತೆ ಬದಲಾದವು. ಈ ಆಟ ಕಬಡ್ಡಿಯ ರೈಡ್‌ಗಳಂತೆ ನಿಂತು ನಿಂತು ಸಾಗುತ್ತದೆ. ಒಂದೊಂದು ಯತ್ನವೂ ಒಂದು ಡೌನ್. ಹತ್ತು ಗಜ ಮುಂದುವರಿಯಲು ಇದ್ದ ಮೂರು ಡೌನ್‌ಗಳು ನಾಲ್ಕಾದವು. ಚೆಂಡನ್ನು ಎದುರಾಳಿಯ ಗೆರೆ ದಾಟಿಸುವ ಟಚ್‌ಡೌನ್‌ಗೆ ಐದರ ಬದಲು ಆರು ಅಂಕ. ಮೈದಾನ ನೂರು ಗಜಕ್ಕೆ ಇಳಿಯಿತು. ಇಂದು ಅಮೆರಿಕ ಆಡುವ ಆಟದ ಅಸ್ಥಿಪಂಜರ ಆ ವರ್ಷದ್ದೇ, ಮತ್ತು ಅದಕ್ಕೆ ಬೇಗ ಒಗ್ಗಿಕೊಂಡವರು ಕಾರ್ಲೈಲ್‌ನವರು.

ಥೋರ್ಪ್ ಆ ಜುಲೈನಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದು ಬಂದಿದ್ದರು. ತಂಡ ಡಿಕಿನ್ಸನ್ ಕಾಲೇಜನ್ನು 34–0, ವಿಲ್ಲನೋವಾವನ್ನು 65–0ರಿಂದ ಮಣಿಸಿತು. ವಾಷಿಂಗ್ಟನ್ ಅಂಡ್ ಜೆಫರ್ಸನ್ ಎದುರು ಮಾತ್ರ ಒಂದೂ ಅಂಕವಿಲ್ಲದೆ ಸಮಬಲ. ಸಿರಾಕ್ಯೂಸ್, ಪಿಟ್ಸ್‌ಬರ್ಗ್, ಜಾರ್ಜ್‌ಟೌನ್ ಸಾಲಾಗಿ ಸೋತವು. ಹೆಚ್ಚಿನವು ಪರ ಊರಿನ ಪಂದ್ಯಗಳೇ.

ವೆಸ್ಟ್ ಪಾಯಿಂಟ್‌ಗೆ ಕೋಚ್ ಗ್ಲೆನ್ 'ಪಾಪ್' ವಾರ್ನರ್ ಹೊಸ ವ್ಯೂಹವೊಂದನ್ನು ಕಾದಿರಿಸಿದ್ದರು. ಇಬ್ಬರು ಹಾಫ್‌ಬ್ಯಾಕ್‌ಗಳು ಹಿಂದೆ ಗುಂಪಾಗಿ ನಿಲ್ಲದೆ, ಮುಂಚೂಣಿಯ ಸಾಲಿನ ಎರಡೂ ತುದಿಗೆ ಹತ್ತಿರ ರೆಕ್ಕೆಗಳಂತೆ ಹರಡಿ ನಿಂತರು. ಚೆಂಡು ಯಾರ ಕೈಗೆ ಹೋಗುತ್ತದೆ, ಯಾರು ಓಡುವಂತೆ ನಟಿಸುತ್ತಾರೆ, ಯಾರು ಎಸೆಯುತ್ತಾರೆ ಎಂಬುದು ಕೆಡೆಟ್‌ಗಳಿಗೆ ಅಂದಾಜಾಗಲಿಲ್ಲ. ಮೊದಲ ಟಚ್‌ಡೌನ್ ಸೇನೆಯದೇ. ಅರ್ಧ ಆಟಕ್ಕೆ ಕಾರ್ಲೈಲ್ 7–6ರಿಂದ ಮುಂದಿತ್ತು. ದ್ವಿತೀಯಾರ್ಧ ಶುರುವಾಗುತ್ತಲೇ ಸೇನೆಯ ನಾಯಕ, ಆಜಾನುಬಾಹು ಲೀಲ್ಯಾಂಡ್ ಡೆವೋರ್, ತಾಳ್ಮೆಗೆಟ್ಟು ಕಾರ್ಲೈಲ್‌ನ ಜೋ ಗಯಾನ್ ಮೇಲೆ ಕೈಮಾಡಿ ಮೈದಾನದಿಂದ ಹೊರಬಿದ್ದರು. ತಿರುಗಿ ಹೊಡೆಯಬಾರದೆಂಬ ಹಳೆಯ ಷರತ್ತು ಯಾರ ಬೆನ್ನಿಗಿತ್ತು, ತಾಳ್ಮೆ ಕೆಟ್ಟದ್ದು ಯಾರದು, ಗಮನಿಸಿ. ಥೋರ್ಪ್‌ರನ್ನು ಕೆಡವಲು ಐಸೆನ್‌ಹೋವರ್ ಮತ್ತು ಜೊತೆಗಾರ ಚಾರ್ಲ್ಸ್ ಬೆನೆಡಿಕ್ಟ್ ಒಟ್ಟಿಗೆ ನುಗ್ಗಿದರಂತೆ. ಥೋರ್ಪ್ ಗಕ್ಕನೆ ನಿಂತುಬಿಟ್ಟರು, ಅವರಿಬ್ಬರೂ ಪರಸ್ಪರ ಡಿಕ್ಕಿಯಾದರು. ಎಲ್ಲರ ಕಣ್ಣು ಥೋರ್ಪ್ ಮೇಲೆಯೇ ನೆಟ್ಟಿದ್ದಾಗ ಅಲೆಕ್ಸ್ ಅರ್ಕಾಸಾ ಮೂರು ಸಲ ಗೆರೆ ದಾಟಿದರು. ಇನ್ನೊಂದು ಟಚ್‌ಡೌನ್ ಜೋ ಬರ್ಗೀ ಅವರದು. ಥೋರ್ಪ್ ಅಂದು ಒಂದೂ ಟಚ್‌ಡೌನ್ ಗಳಿಸಲಿಲ್ಲ.

ಮುಂದಿನ ವಾರ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎದುರು 26–34ರ ಸೋಲು. ಆ ಋತುವಿನ ಏಕೈಕ ಸೋಲು ಅದೇ. ಕೊನೆಗೆ ಬ್ರೌನ್ ಮೇಲೆ 32–0. ಒಟ್ಟು 14 ಪಂದ್ಯ, 12 ಗೆಲುವು, 504 ಅಂಕ.

ಎರಡು ತಿಂಗಳೂ ಕಳೆಯಲಿಲ್ಲ, ಥೋರ್ಪ್ ಹಿಂದೆ ಉತ್ತರ ಕ್ಯಾರೊಲಿನಾದಲ್ಲಿ ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದ ವಿಷಯ ಪತ್ರಿಕೆಯಲ್ಲಿ ಬಂತು. ಹಣಕ್ಕೆ ಆಡಿದವರಿಗೆ ಆಗ ಒಲಿಂಪಿಕ್ಸ್‌ನಲ್ಲಿ ಅವಕಾಶವಿರಲಿಲ್ಲವಾದ್ದರಿಂದ ಪದಕಗಳನ್ನು ಕಿತ್ತುಕೊಂಡರು. ತನಗೇನೂ ಗೊತ್ತಿರಲಿಲ್ಲ ಎಂದರು ವಾರ್ನರ್. ಆಟಗಾರರ ಬೇಸಗೆಯ ದಿನಚರಿ ಕೋಚ್‌ಗೆ ತಿಳಿದಿರಲಿಲ್ಲ ಎಂದರೆ ನನಗೆ ನಂಬಲಾಗುವುದಿಲ್ಲ. ಥೋರ್ಪ್ ತೀರಿಕೊಂಡದ್ದು 1953ರಲ್ಲಿ. ಒಲಿಂಪಿಕ್ ಸಮಿತಿ ಅವರನ್ನು ಜಂಟಿ ವಿಜೇತರೆಂದು ಒಪ್ಪಿದ್ದು 1982ರಲ್ಲಿ, ಏಕೈಕ ವಿಜೇತರೆಂದು ದಾಖಲಿಸಿದ್ದು 2022ರಲ್ಲಿ.

ಇನ್ನು ಶಾಲೆಯ ಮಾತು. 1914ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಕಾರ್ಲೈಲ್‌ನ ಆಡಳಿತವನ್ನೂ ಫುಟ್‌ಬಾಲ್ ಹಣದ ಬಳಕೆಯನ್ನೂ ವಿಚಾರಣೆಗೆ ಎತ್ತಿಕೊಂಡಿತು. ಅಲ್ಲಿ ವಾರ್ನರ್ ವಿರುದ್ಧ ಸಾಕ್ಷಿ ಹೇಳಿದವರಲ್ಲಿ ಗಸ್ ವೆಲ್ಚ್ ಒಬ್ಬರು. ವೆಸ್ಟ್ ಪಾಯಿಂಟ್‌ನಲ್ಲಿ ಆ ಹೊಸ ವ್ಯೂಹವನ್ನು ನಡೆಸಿದ ಕ್ವಾರ್ಟರ್‌ಬ್ಯಾಕ್ ಇವರೇ. ಕೋಚ್ ಹುಡುಗರನ್ನು ಹೀನಾಯವಾಗಿ ಬೈಯುತ್ತಿದ್ದರು ಎಂದು ಅವರು ಸಮಿತಿಯ ಮುಂದೆ ನೇರವಾಗಿ ಹೇಳಿದರು. ತಾನು ಗೆಲ್ಲಿಸಿದ ತಂಡದ ಕೀರ್ತಿಗೆ ಧಕ್ಕೆ ಬಂದರೂ ಚಿಂತೆಯಿಲ್ಲವೆಂದು ಹಾಗೆ ಎದ್ದು ನಿಲ್ಲುವುದಕ್ಕೆ, ಸೇನೆಯ ತಂಡವನ್ನು ಎದುರಿಸುವುದಕ್ಕಿಂತ ಹೆಚ್ಚು ಎದೆಗಾರಿಕೆ ಬೇಕು ಎಂದೇ ನಾನು ತಿಳಿದಿದ್ದೇನೆ. ಶಾಲೆಯ ಸೂಪರಿಂಟೆಂಡೆಂಟ್ ಮೋಸೆಸ್ ಫ್ರೀಡ್‌ಮನ್ ಹುದ್ದೆ ಕಳೆದುಕೊಂಡರು. ವಾರ್ನರ್ ಪಿಟ್ಸ್‌ಬರ್ಗ್ ಸೇರಿ ಇನ್ನಷ್ಟು ಹೆಸರು ಮಾಡಿದರು. 1918ರಲ್ಲಿ ಶಾಲೆಗೆ ಬೀಗ ಬಿತ್ತು.

ವೆಲ್ಚ್ ಕಾನೂನು ಓದಿದರು, ಮುಂದೆ ತಾವೇ ಕೋಚ್ ಆದರು. ಇಂದಿನ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 1920ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರು ಥೋರ್ಪ್. ಒಹಾಯೊದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್‌ಗೆ 1963ರಲ್ಲಿ ಥೋರ್ಪ್, 1966ರಲ್ಲಿ ಗಯಾನ್ ಸೇರಿದರು. ಅರ್ಕಾಸಾ ಅಲ್ಲಿಲ್ಲ. ಆದರೆ 27–6ರ ಆ ಪಂದ್ಯವನ್ನು ಯಾರು ನೆನೆದರೂ, ನಾಲ್ಕರಲ್ಲಿ ಮೂರು ಟಚ್‌ಡೌನ್ ಅವರದೆಂದು ಹೆಸರು ಹಿಡಿದೇ ಹೇಳಬೇಕು.