ಇಂಗಿನಲ್ಲಿದ್ದ ಗೋಧಿ, ಲೇಬಲ್ಲಿನಲ್ಲಿ ಇರಲಿಲ್ಲ

ಕೊಚ್ಚಿಯ ಒಂದು ಸಣ್ಣ ಮಸಾಲೆ ಕಂಪನಿಯ ಸಾಂಬಾರ್ ಪುಡಿ ಜರ್ಮನಿಗೆ ಹೊರಟಿತ್ತು. ಲೇಬಲ್ಲಿನಲ್ಲಿರುವ ಜರ್ಮನ್ ಸರಿಯಿದೆಯೇ ನೋಡಿಕೊಡಿ ಎಂದು ನನಗೆ ಕಳಿಸಿದ್ದರು. ಭಾಷೆಯಲ್ಲಿ ತಪ್ಪೇನೂ ಇರಲಿಲ್ಲ. ಕೊತ್ತಂಬರಿ, ಒಣಮೆಣಸು, ಮೆಂತ್ಯ, ಜೀರಿಗೆ, ಇಂಗು ಎಲ್ಲಕ್ಕೂ ಸರಿಯಾದ ಹೆಸರೇ ಇತ್ತು. ಆದರೆ ನಮ್ಮ ಅಡುಗೆಮನೆಗೆ ಬರುವ ಇಂಗು ಬರೀ ಇಂಗಲ್ಲ. ಅದಕ್ಕೆ ಅಂಟು ಮತ್ತು ಹಿಟ್ಟು ಬೆರೆಸಿರುತ್ತಾರೆ. ಆ ಹಿಟ್ಟು ಎಷ್ಟೋ ಸಲ ಗೋಧಿಯದು. ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ಆಹಾರ ಮಾಹಿತಿ ನಿಯಮದ ಪ್ರಕಾರ, ಅಲರ್ಜಿ ತರಬಲ್ಲ 14 ಬಗೆಯ ಪದಾರ್ಥಗಳನ್ನು ಪೊಟ್ಟಣದ ಮೇಲೆ ಎದ್ದು ಕಾಣುವಂತೆ ಅಚ್ಚುಮಾಡಬೇಕು. ಗ್ಲುಟೆನ್ ಇರುವ ಧಾನ್ಯ ಆ ಪಟ್ಟಿಯಲ್ಲಿದೆ. ನಾವು ದಿನಾ ಒಗ್ಗರಣೆಗೆ ಹಾಕುವ ಸಾಸಿವೆಯೂ ಇದೆ, ಎಳ್ಳೂ ಇದೆ. ಸರಕು ಹಾಗೆಯೇ ಹೋಗಿದ್ದರೆ ಅಂಗಡಿಯ ಕಪಾಟಿನಿಂದ ಅಷ್ಟನ್ನೂ ವಾಪಸ್ ತೆಗೆಸುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಗೋಧಿ ಆಗದ ಯಾರೋ ಒಬ್ಬರು ಅದನ್ನು ನಂಬಿ ಉಣ್ಣುತ್ತಿದ್ದರು.

ಜರ್ಮನ್ ಮಾತ್ರ ಗೊತ್ತಿದ್ದವರು ಆ ಲೇಬಲ್ಲನ್ನು ಪಾಸು ಮಾಡುತ್ತಿದ್ದರು. ಇಂಗಿನ ಡಬ್ಬಿಯ ಹಿಂಬದಿ ಓದಿದ ಗೃಹಿಣಿಗೆ ಅಲ್ಲಿನ ನಿಯಮ ಗೊತ್ತಿರುವುದಿಲ್ಲ. ಈ ಎರಡರ ನಡುವೆ ಇರುವ ಜಾಗವೇ ನನ್ನ ಉದ್ಯೋಗ. ಭಾಷೆ ಮತ್ತು ಮಾರ್ಕೆಟಿಂಗ್ ಓದಿದವರಿಗೆ ಮುಂದೇನು ಎಂದು ಕೇಳುವ ತಂದೆತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನನ್ನ ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ಅಡಿಕೆ ತೋಟ, ಮರಕ್ಕೆ ಹಬ್ಬಿದ ಒಳ್ಳೆಮೆಣಸಿನ ಬಳ್ಳಿ. ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಬಸ್ಸಿನಲ್ಲೂ ವಿಲ್ಲೇಜ್ ಆಫೀಸಿನಲ್ಲೂ ಮಲಯಾಳ. ಬೆಳಿಗ್ಗೆಯಿಂದ ಸಂಜೆಯೊಳಗೆ ಮೂರು ಭಾಷೆ ಬದಲಿಸುವುದು ನಮ್ಮ ಕಡೆಯ ಮಕ್ಕಳಿಗೆ ವಿಶೇಷವೆಂದೇ ಅನಿಸುವುದಿಲ್ಲ. ಹಲವು ಭಾಷೆ ಬಲ್ಲ ಗೋವಿಂದ ಪೈಗಳು ಮಂಜೇಶ್ವರದವರು ಎಂದು ಹೆಮ್ಮೆಪಡುತ್ತೇವೆ, ಆದರೆ ಮಗಳು ಭಾಷೆ ಓದುತ್ತೇನೆಂದರೆ ಮನೆಯಲ್ಲಿ ಚಿಂತೆ ಶುರು. "ಜರ್ಮನ್ ಕಲಿತು ಯಾರ ಹತ್ತಿರ ಮಾತಾಡ್ತೀಯ ಮಗಳೇ?" ಎಂದು ಅಪ್ಪ ಕೇಳಿದ್ದರು. "ಟೀಚರ್ ಆಗ್ತಾಳೆ ಭಾವ, ಬಿಡಿ" ಎಂದು ಮಾವ ಸಮಾಧಾನ ಹೇಳಿದ್ದರು.

ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಜರ್ಮನ್ ಓದಲು ತಿರುವನಂತಪುರಕ್ಕೆ ಹೋದೆ. ಆ ಊರನ್ನು ಜನ ಪದ್ಮನಾಭನ ದೇವಸ್ಥಾನಕ್ಕೂ ರಾಕೆಟ್ಟಿಗೂ ನೆನಪಿಟ್ಟುಕೊಳ್ಳುತ್ತಾರೆ. ನನಗದು ಭಾಷೆಗಳ ಊರು. ಪಾಳಯಂನಲ್ಲಿ ಕೇರಳ ವಿಶ್ವವಿದ್ಯಾಲಯದ ಜರ್ಮನ್ ವಿಭಾಗವಿದೆ, ರಷ್ಯನ್ ವಿಭಾಗವೂ ಇದೆ. 2008ರಲ್ಲಿ ಆರಂಭವಾದ ಗೋಯ್ಥೆ ಸೆಂಟ್ರುಮ್ ಇದೆ, ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್ ಇದೆ, ವ್ಯಾನ್‌ರಾಸ್ ಜಂಕ್ಷನ್ನಿನಲ್ಲಿ ರಷ್ಯನ್ ಹೌಸ್ ಇದೆ. ಸಂಜೆಯ ಜರ್ಮನ್ ತರಗತಿಗೆ ಹೋಗಿ ನೋಡಿ, ಬೆಂಚು ತುಂಬ ನರ್ಸುಗಳು. ನರ್ಸುಗಳನ್ನು ಜರ್ಮನಿಗೆ ಕಳಿಸಲು ಕೇರಳ ಸರ್ಕಾರದ ನೋರ್ಕಾ ರೂಟ್ಸ್ 2021ರ ಡಿಸೆಂಬರಿನಲ್ಲಿ ಅಲ್ಲಿನ ಉದ್ಯೋಗ ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡಿತು.

ಯುರೋಪಿನ ಭಾಷೆಗಳ ಕಲಿಕೆಯನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮೆಟ್ಟಿಲಾಗಿ ಅಳೆಯುತ್ತಾರೆ. ಬಿ1 ಇದ್ದರೆ ಆ ದೇಶದಲ್ಲಿ ದಿನ ಕಳೆಯಬಹುದು. ವ್ಯಾಪಾರಕ್ಕೆ ಅದು ಸಾಲದು. ಸರಕಿನಲ್ಲಿ ದೋಷವಿದೆ ಎಂದು ಎದುರಿನವರು ಹೇಳುವಾಗ ಅವರ ಮಾತು ಪೂರ್ತಿ ಹಿಡಿದು, ಸಂಬಂಧ ಕೆಡದ ಹಾಗೆ ನಮ್ಮ ಮಾತನ್ನು ಸಮರ್ಥಿಸಿಕೊಳ್ಳಬೇಕಾದರೆ ಬಿ2 ಬೇಕೇ ಬೇಕು, ಸಿ1 ಆದರೆ ಒಳ್ಳೆಯದು. ಎ2 ಸರ್ಟಿಫಿಕೇಟು ಹಿಡಿದು ಕೆಲಸ ಹುಡುಕುವ ಮಕ್ಕಳನ್ನು ಕಂಡಾಗ ಸಂಕಟವಾಗುತ್ತದೆ. ಇನ್ನೊಂದು ವರ್ಷ ಓದು ಎಂದು ಹೇಳುವವರು ಅವರಿಗೆ ಸಿಕ್ಕಿರುವುದಿಲ್ಲ.

ಜರ್ಮನರಿಗೆ ಇಂಗ್ಲಿಷ್ ಬರುತ್ತದಲ್ಲ ಎಂದು ಕೇಳುತ್ತಾರೆ. ಖರೀದಿ ಮ್ಯಾನೇಜರಿಗೆ ಚೆನ್ನಾಗಿಯೇ ಬರುತ್ತದೆ. ಕೊಲೋನ್‌ನ ಅನುಗಾ ಮೇಳದಲ್ಲಾಗಲಿ ನ್ಯೂರೆಂಬರ್ಗಿನ ಬಯೋಫಾಕ್‌ನಲ್ಲಾಗಲಿ ದರದ ಮಾತು ಇಂಗ್ಲಿಷಿನಲ್ಲೇ ಮುಗಿಯುತ್ತದೆ. ಆದರೆ ಸರಕು ಒಳಗೆ ಬರಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರ ಗುಣಮಟ್ಟ ವಿಭಾಗದವರು. ಮಳಿಗೆಯ ಬದಿಯಲ್ಲಿ ನಿಂತು ತಮ್ಮ ಭಾಷೆಯಲ್ಲಿ ಅವರು ಕೀಟನಾಶಕದ ಉಳಿಕೆಯ ಬಗ್ಗೆ ಕೇಳುತ್ತಾರೆ, ತೋಟದ ಬಗ್ಗೆ ಕೇಳುತ್ತಾರೆ. ಬಳ್ಳಿಗೆ ಬೋರ್ಡೊ ದ್ರಾವಣ ಯಾವಾಗ ಸಿಂಪಡಿಸುತ್ತಾರೆ, ಮೆಣಸನ್ನು ಅಂಗಳದಲ್ಲಿ ಯಾವುದರ ಮೇಲೆ ಹರಡಿ ಒಣಗಿಸುತ್ತಾರೆ ಎಂದು ಅವರ ಭಾಷೆಯಲ್ಲೇ ಉತ್ತರ ಕೊಟ್ಟರೆ, ಅವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಮಾರ್ಕೆಟಿಂಗ್ ಕಲಿತದ್ದು ಕೊಚ್ಚಿಯಲ್ಲಿ, ಅಲ್ಲಿನ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಕುಸಾಟ್‌ನ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ. 1964ರಲ್ಲಿ ಶುರುವಾದ ವಿಭಾಗ ಅದು. ಪುಸ್ತಕದಲ್ಲಿ ಓದಿದ್ದು ಅರ್ಥವಾದದ್ದು ಮಾತ್ರ ಮಟ್ಟಾಂಚೇರಿಯ ಗೋದಾಮಿನಲ್ಲಿ. ಅಲ್ಲಿ ಒಬ್ಬರು ಹಿರಿಯರು ಮೆಣಸನ್ನು ಜರಡಿಗೆ ಸುರಿದು ಆಡಿಸಿದರು. 4.75 ಮಿಲಿಮೀಟರಿನ ಜರಡಿಯಲ್ಲಿ ಮೇಲುಳಿದ ದಪ್ಪ ಕಾಳು ಒಂದು ಕಡೆ. ಅದು ತಲಶ್ಶೇರಿ ಹೆಸರಿನಲ್ಲಿ ಅತಿ ಹೆಚ್ಚು ಬೆಲೆಗೆ ಹೋಗುವ ದರ್ಜೆ. ಊಟದ ಮೇಜಿನ ಮೇಲೆ ಗಾಜಿನ ಗಿರಣಿಯಲ್ಲಿ ಚೆಂದ ಕಾಣುತ್ತದೆ. ಲೀಟರಿಗೆ 550 ಗ್ರಾಂ ತೂಗುವ ಸಾಧಾರಣ ಕಾಳು ಇನ್ನೊಂದು ಕಡೆ, ಪುಡಿಮಾಡುವವರಿಗೆ. ಕೊನೆಗೆ ಉಳಿದದ್ದು ಬಲಿಯದ, ಹಗುರವಾದ ಕಾಳು. ನಮ್ಮ ಅಂಗಳದಲ್ಲಿ ಅಪ್ಪ ಅದನ್ನು ಗೇರಿ ಬೇರೆ ಇಡುತ್ತಿದ್ದರು. "ಇದನ್ನು ಬಿಸಾಡುವುದಲ್ಲ ಮೋಳೇ, ಇದರಲ್ಲೇ ಖಾರದ ಸತ್ವ ಜಾಸ್ತಿ" ಎಂದರು ಆ ಹಿರಿಯರು. ಹಗುರ ಕಾಳಿನಲ್ಲಿ ಪಿಷ್ಟ ಕಡಿಮೆ. ಖಾರ ಕೊಡುವ ಪೈಪರಿನ್ ಹಾಗೂ ತೈಲದ ಪಾಲು ಹೆಚ್ಚು. ಸತ್ವ ತೆಗೆಯುವ ಕಾರ್ಖಾನೆಗಳಿಗೆ ಬೇಕಾದದ್ದೇ ಅದು. ಒಂದೇ ಬಳ್ಳಿಯ ಬೆಳೆಗೆ ಮೂರು ಗಿರಾಕಿ, ಮೂರು ಬೆಲೆ, ಮೂವರಿಗೂ ಬೇರೆ ಬೇರೆ ಮಾತು. ಮಾರ್ಕೆಟಿಂಗ್ ಎಂದರೆ ಜಾಹೀರಾತು ಎಂದುಕೊಂಡಿದ್ದ ನನ್ನ ಗೆಳತಿಯರಿಗೆ ಇದನ್ನೇ ಹೇಳುತ್ತಿದ್ದೆ.

ಕರ್ನಾಟಕದ ಓದುಗರಿಗೆ ಹತ್ತಿರದ ಉದಾಹರಣೆ ಬ್ಯಾಡಗಿ ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಹೆಚ್ಚು. ಕೊಚ್ಚಿ ಸುತ್ತಮುತ್ತಲಿನ ಕಂಪನಿಗಳು ಹಾವೇರಿ ಕಡೆಯಿಂದ ಅದನ್ನು ಕೊಂಡು ಬಣ್ಣದ ಸತ್ವ ತೆಗೆಯುತ್ತವೆ. 1972ರಲ್ಲಿ ಕೋಲಂಚೇರಿಯಲ್ಲಿ ಹುಟ್ಟಿದ ಸಿಂಥೈಟ್ ಕಂಪನಿಗೆ ಹರಿಹರದಲ್ಲೂ ಘಟಕವಿದೆ. ಮೆಣಸಿನಕಾಯಿಯ ಈ ಕೆಂಪು ಯುರೋಪಿನ ಪೊಟ್ಟಣಗಳ ಮೇಲೆ ಇ160ಸಿ ಎಂಬ ಸಂಖ್ಯೆಯಾಗಿ ಕಾಣುತ್ತದೆ. ಆ ಸಂಖ್ಯೆಯ ಹಿಂದೆ ಒಂದು ಊರಿದೆ, ರೈತರಿದ್ದಾರೆ ಎಂದು ಕೊಳ್ಳುವವರಿಗೆ ತಿಳಿಸಿ ಹೇಳುವ ಕನ್ನಡದ ಹುಡುಗ ಹುಡುಗಿಯರು ಈ ವ್ಯಾಪಾರದಲ್ಲಿ ಇನ್ನೂ ಹೆಚ್ಚು ಬರಬೇಕು. ನನ್ನ ಆಸೆ ಇದು.

ಇಲ್ಲಿನ ಬೆಳೆಯನ್ನು ಪರಭಾಷೆಯಲ್ಲಿ ತಿಳಿಸಿ ಹೇಳುವ ಈ ಕೆಲಸ ಕೊಚ್ಚಿಗೆ ಹೊಸದೇನಲ್ಲ. ಇಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಮಾಡಿಸಿದ ಹೋರ್ತೂಸ್ ಮಲಬಾರಿಕೂಸ್ 1678ರಿಂದ 1693ರವರೆಗೆ 12 ಸಂಪುಟಗಳಾಗಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ವೈದ್ಯ ಇಟ್ಟಿ ಅಚ್ಯುತನ್ ಮಲಯಾಳದಲ್ಲಿ ಹೇಳಿದ್ದು ಪೋರ್ಚುಗೀಸಿಗೆ ಹೋಗಿ, ಕೊನೆಗೆ ಲ್ಯಾಟಿನ್ನಿಗೆ ಬಂತು. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರ ಹೇಳಿಕೆಯೂ ಅದರಲ್ಲಿದೆ. ಗಿಡ ಗೊತ್ತಿದ್ದವರು, ಭಾಷೆ ಗೊತ್ತಿದ್ದವರು, ಹಡಗು ಗೊತ್ತಿದ್ದವರು ಒಂದೆಡೆ ಸೇರಿದ್ದರಿಂದ ಆದ ಪುಸ್ತಕ ಅದು.

ಪದವಿ ಏನು ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. ಮೊದಲ ಸಂಬಳ ದೊಡ್ಡದಿರುವುದಿಲ್ಲ. ಅಂತರರಾಷ್ಟ್ರೀಯ ಕೆಲಸ ಎಂದರೆ ವಿಮಾನ ಹತ್ತುವುದು ಎಂದು ತಿಳಿದವರಿಗೆ ನಿರಾಸೆಯಾಗಬಹುದು. ನನ್ನ ಮೇಜು ಇರುವುದು ಪಾಲಾರಿವಟ್ಟಂನಲ್ಲಿ, ಸ್ಪೈಸಸ್ ಬೋರ್ಡಿನ ಕೇಂದ್ರ ಕಚೇರಿ ಇರುವ ಕಡೆಯಲ್ಲೇ. ಹಡಗು ಸಾಗಣೆಯ ಕಾಗದಪತ್ರ, ಲ್ಯಾಬ್ ವರದಿ, ಬ್ಯಾಂಕಿನ ಸಾಖಪತ್ರ ಇವನ್ನು ಕೆಲಸ ಮಾಡುತ್ತಲೇ ಕಲಿಯಬೇಕು. ಒಂದು ಅನುಕೂಲ ಈಗ ಆಗಿದೆ. 2024ರಿಂದ ಕೇರಳದ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಪದವಿ ಬಂದಿದ್ದು, ಮುಖ್ಯ ವಿಷಯದ ಜೊತೆಗೆ ಬೇರೆ ವಿಭಾಗದ ವಿಷಯವನ್ನೂ ತೆಗೆದುಕೊಳ್ಳಬಹುದು. ನಾನು ಎರಡು ಊರಲ್ಲಿ, ಎರಡು ಪದವಿಯಲ್ಲಿ ಕಲಿತದ್ದನ್ನು ಕಾಲೇಜು ಅನುವು ಮಾಡಿಕೊಟ್ಟರೆ ಒಂದರಲ್ಲೇ ಶುರುಮಾಡಬಹುದು.

ಮೊನ್ನೆ ಮಂಜೇಶ್ವರದಿಂದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. "ಅಕ್ಕಾ, ಜರ್ಮನ್ ತೆಗೊಳ್ಳಲೋ, ಫ್ರೆಂಚ್ ತೆಗೊಳ್ಳಲೋ?" ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದೆ. ಮೀನುಗಾರರಂತೆ. ಬೊಂಡಾಸ, ಸಿಗಡಿಯ ದರ ಅವಳ ನಾಲಿಗೆ ತುದಿಯಲ್ಲಿತ್ತು. ನಮ್ಮ ಕರಾವಳಿಯ ಬೊಂಡಾಸ ಸ್ಪೇನಿಗೂ ಇಟಲಿಗೂ ಹೋಗುತ್ತದೆ ಎಂಬುದು ಅವಳಿಗೆ ಹೊಸ ಸುದ್ದಿ. ಕೊಚ್ಚಿಗೆ ಬಾ, ಅರೂರಿನ ಮೀನು ಸಂಸ್ಕರಣಾ ಘಟಕಗಳನ್ನು ತೋರಿಸುತ್ತೇನೆ, ಪೆಟ್ಟಿಗೆಗಳ ಮೇಲೆ ಯಾವ ಯಾವ ದೇಶದ ಹೆಸರಿದೆ ನೋಡು, ಭಾಷೆಯನ್ನು ಆಮೇಲೆ ಆರಿಸೋಣ ಎಂದೆ. ರಜೆಯಲ್ಲಿ ಅಣ್ಣನ ಜೊತೆ ಬರುತ್ತಾಳಂತೆ.