ಒಡಂಬಡಿಕೆಯೂ ಆಚರಣೆಯೂ: ಪೂರ್ವ ಆಫ್ರಿಕದ ಅನುಭವ

ನೆರೆಹೊರೆಯ ರಾಷ್ಟ್ರಗಳು ತಮ್ಮ ನಡುವಣ ಸುಂಕದ ಕಟ್ಟೆಗಳನ್ನು ತೆಗೆದುಹಾಕಿ ಒಂದೇ ಮಾರುಕಟ್ಟೆಯಾಗಿ ಬಾಳಬೇಕೆಂದು ಕರಾರು ಮಾಡಿಕೊಳ್ಳುವುದು ಈ ಕಾಲದಲ್ಲಿ ಅಪೂರ್ವ ಸಂಗತಿಯೇನೂ ಅಲ್ಲ. ಆ ಕರಾರು ಪ್ರತಿಯೊಂದು ರಾಷ್ಟ್ರದ ಕಾಯಿದೆಯ ಪುಸ್ತಕದಲ್ಲಿಯೂ ಸರಕಾರದ ಕಛೇರಿಗಳಲ್ಲಿಯೂ ಗಡಿಯ ನಾಕೆಗಳಲ್ಲಿಯೂ ಜೀವ ತಳೆಯುವುದು ಮಾತ್ರ ಅಪೂರ್ವವೇ ಸರಿ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆಯ ಸತ್ಯವನ್ನು ರಾಜ್ಯವ್ಯವಹಾರದಲ್ಲಿ ಕಾಣಬೇಕೆನ್ನುವವರು ಪೂರ್ವ ಆಫ್ರಿಕದ ಅನುಭವವನ್ನು ಪರಿಶೀಲಿಸಬಹುದು. ನಮ್ಮ ದೇಶದ ವರ್ತಕರೂ ಕೆಲಸಗಾರರೂ ಹಿಂದೆ ಹೋಗಿ ನೆಲೆಸಿದ ನಾಡುಗಳಾದುದರಿಂದ ಅವು ನಮ್ಮ ವಾಚಕರಿಗೆ ತೀರ ಅಪರಿಚಿತವಾದುವೂ ಅಲ್ಲ.

ಕೆನ್ಯಾ, ಉಗಾಂಡಾ, ಟಾಂಜಾನಿಯಾಗಳು ಮೊದಲು ಒಂದುಗೂಡಿದ್ದು 1967ರಲ್ಲಿ. ರೈಲ್ವೆ, ಬಂದರು, ಅಂಚೆ, ವಿಮಾನ ಸಂಚಾರ, ಇವೆಲ್ಲವೂ ಆಗ ಮೂವರಿಗೂ ಸಾಮಾನ್ಯವಾಗಿದ್ದವು. ಆದರೆ ಲಾಭದ ಹೆಚ್ಚಿನ ಪಾಲು ಕೆನ್ಯಾದ ಕಾರ್ಖಾನೆಗಳಿಗೆ ಸಲ್ಲುತ್ತಿದೆಯೆಂಬ ಅಸಮಾಧಾನವು ಬೆಳೆಯಿತು. 1971ರಲ್ಲಿ ಇದಿ ಅಮೀನನು ಉಗಾಂಡಾದ ಅಧಿಕಾರವನ್ನು ಕಸಿದುಕೊಂಡ ಮೇಲೆ ಟಾಂಜಾನಿಯಾದ ಅಧ್ಯಕ್ಷ ನ್ಯೆರೆರೆಯವರು ಅವನೊಡನೆ ಒಂದೇ ಸಭೆಯಲ್ಲಿ ಕೂಡಲು ಒಪ್ಪಲಿಲ್ಲ. 1977ರಲ್ಲಿ ಆ ಸಮುದಾಯವು ಮುರಿದುಬಿತ್ತು. ಕೂಡಿದ ಮನೆ ಒಡೆದ ಮೇಲೆ ಆಸ್ತಿಪಾಸ್ತಿಗಳ ಪಾಲಿನ ಒಪ್ಪಂದವಾಗುವುದಕ್ಕೆ 1984ರವರೆಗೆ ಕಾಯಬೇಕಾಯಿತು.

ಈ ಕಹಿಯನ್ನುಂಡವರೇ 1999ರ ನವೆಂಬರ್ 30ರಂದು ಹೊಸ ಒಡಂಬಡಿಕೆಗೆ ಸಹಿ ಹಾಕಿದರು. ಹಿಂದಿನ ಪ್ರಯತ್ನವು ಏಕೆ ಕೆಟ್ಟಿತೆಂಬುದನ್ನು ಅವರು ಅದರ ಪೀಠಿಕೆಯಲ್ಲಿಯೇ ಬರೆದಿಟ್ಟರು: ಆಳುವವರಲ್ಲಿ ದೃಢಸಂಕಲ್ಪವಿರಲಿಲ್ಲ, ಜನರಿಗೂ ವರ್ತಕರಿಗೂ ಅದರಲ್ಲಿ ಪಾಲಿರಲಿಲ್ಲ, ಲಾಭವು ಸಮನಾಗಿ ಹಂಚಿಕೆಯಾಗಲಿಲ್ಲ. ರುವಾಂಡಾ ಬುರುಂಡಿಗಳು 2007ರಲ್ಲಿಯೂ, ದಕ್ಷಿಣ ಸುಡಾನ್ 2016ರಲ್ಲಿಯೂ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯವು 2022ರಲ್ಲಿಯೂ, ಸೊಮಾಲಿಯಾ 2024ರಲ್ಲಿಯೂ ಸೇರಿ ಈಗ ಸದಸ್ಯರು ಎಂಟು. ಮುಖ್ಯ ಕಛೇರಿಯು ಟಾಂಜಾನಿಯಾದ ಅರುಷಾ ನಗರದಲ್ಲಿದೆ.

ಅರುಷಾದಲ್ಲಿ ಸಹಿಯಾದ ಮಾತ್ರಕ್ಕೆ ನೈರೋಬಿಯಲ್ಲಾಗಲಿ ಕಂಪಾಲಾದಲ್ಲಾಗಲಿ ಕಾಯಿದೆಯು ಬದಲಾಗುವುದಿಲ್ಲ. ಬ್ರಿಟಿಷ್ ಪದ್ಧತಿಯನ್ನು ಪಡೆದ ದೇಶಗಳಲ್ಲಿ ಅಧ್ಯಕ್ಷನ ಸಹಿ ಬೇರೆ, ಶಾಸನಸಭೆಯ ಕಾಯಿದೆ ಬೇರೆ. ನಮ್ಮ ಸಂವಿಧಾನದ 253ನೆಯ ವಿಧಿಯು ಅಂತರರಾಷ್ಟ್ರೀಯ ಕರಾರುಗಳನ್ನು ಜಾರಿಗೆ ತರಲು ಪಾರ್ಲಿಮೆಂಟಿಗೆ ಅಧಿಕಾರ ಕೊಟ್ಟಿರುವುದೂ ಈ ಕಾರಣದಿಂದಲೇ. ಸಹಿಯಾದ ಹನ್ನೆರಡು ತಿಂಗಳೊಳಗೆ ಪ್ರತಿಯೊಂದು ರಾಷ್ಟ್ರವೂ ಅಗತ್ಯವಾದ ಕಾಯಿದೆಯನ್ನು ಮಾಡತಕ್ಕದ್ದೆಂದು ಪೂರ್ವ ಆಫ್ರಿಕದ ಒಡಂಬಡಿಕೆಯು ವಿಧಿಸಿತು. ಕೆನ್ಯಾ 2000ದಲ್ಲಿ ಕಾಯಿದೆ ಮಾಡಿತು. ಟಾಂಜಾನಿಯಾ 2001ರಲ್ಲಿ, ಉಗಾಂಡಾ 2002ರಲ್ಲಿ. ವಿಳಂಬವು ಮೊದಲನೆಯ ಹೆಜ್ಜೆಯಲ್ಲಿಯೇ ಕಾಣಿಸಿಕೊಂಡಿತು.

ಹಾಗೆಂದು ಎಲ್ಲವೂ ವ್ಯರ್ಥವಾಯಿತೆಂದು ಹೇಳುವುದು ಅನ್ಯಾಯವಾದೀತು. ಸುಂಕದ ವಿಷಯದಲ್ಲಿ ನಡೆದ ಕೆಲಸವು ಮೆಚ್ಚತಕ್ಕದ್ದೇ ಆಗಿದೆ. 2005ರ ಜನವರಿಯಲ್ಲಿ ಸುಂಕದ ಕೂಟವು ಜಾರಿಗೆ ಬಂದಿತು. ಕೆನ್ಯಾದ ಕೈಗಾರಿಕೆಯು ಬಲವಾದುದೆಂಬುದನ್ನು ಮನಗಂಡು, ಅದರ ಕೆಲವು ಸರಕುಗಳು ಉಳಿದಿಬ್ಬರ ದೇಶವನ್ನು ಹೊಗುವಾಗ ಐದು ವರ್ಷಗಳ ಕಾಲ ಇಳಿಯುತ್ತ ಹೋಗುವ ಸುಂಕವನ್ನು ಕೊಡತಕ್ಕದ್ದೆಂದು ಗೊತ್ತುಮಾಡಿದರು. 2010ರಲ್ಲಿ ಅದು ಕೊನೆಗಂಡಿತು. ಎಲ್ಲರಿಗೂ ಅನ್ವಯಿಸುವ ಒಂದೇ ಸುಂಕದ ಕಾಯಿದೆಯು 2004ರಲ್ಲಿಯೇ ಆಗಿದ್ದಿತು. 2014ರಿಂದ ಈಚೆಗೆ, ಉಗಾಂಡಾಕ್ಕೆ ಹೋಗುವ ಸರಕಿನ ಸುಂಕವನ್ನು ಅದು ಮೊಂಬಾಸಾ ಬಂದರನ್ನು ಬಿಡುವ ಮೊದಲೇ ತೀರಿಸುವ ಏರ್ಪಾಡಾಯಿತು. ಮೊಂಬಾಸಾದಿಂದ ಕಂಪಾಲಾಕ್ಕೆ ಸುಮಾರು 18 ದಿನ ಹಿಡಿಯುತ್ತಿದ್ದ ಸಾಗಾಣಿಕೆಯು ನಾಲ್ಕೈದು ದಿನಗಳಿಗೆ ಇಳಿಯಿತು. ಇಲ್ಲಿ ಜಯ ದೊರೆತುದಕ್ಕೆ ಕಾರಣವು ಸ್ಪಷ್ಟವಾಗಿದೆ. ಕಾಯಿದೆ ಒಂದೇ, ತಾರೀಖು ಗೊತ್ತಾದುದು, ದುರ್ಬಲನಿಗೆ ಅವಧಿ ದೊರೆತುದು, ಕೆಲಸಕ್ಕೆ ಹೊಣೆಗಾರರು ಇದ್ದುದು.

ಈ ನಾಲ್ಕು ಗುಣಗಳು ಇಲ್ಲದ ಕಡೆಗಳಲ್ಲಿ ಏನಾಯಿತೆಂಬುದನ್ನೂ ನೋಡೋಣ. 2010ರ ಜುಲೈ 1ರಂದು ಸಾಮಾನ್ಯ ಮಾರುಕಟ್ಟೆಯ ಕರಾರು ಜಾರಿಗೆ ಬಂದಿತು. ಸರಕು, ಜನ, ದುಡಿಮೆ, ಸೇವೆ, ಬಂಡವಾಳಗಳು ತಡೆಯಿಲ್ಲದೆ ಸಂಚರಿಸಬೇಕೆಂಬುದು ಅದರ ಆಶಯ. ಆದರೆ ಅದಕ್ಕನುಸಾರವಾಗಿ ತಮ್ಮ ಕಾಯಿದೆಗಳನ್ನು ತಿದ್ದಿಕೊಳ್ಳುವ ಕೆಲಸವನ್ನು ಆಯಾ ಸರಕಾರಗಳಿಗೇ ಬಿಡಲಾಯಿತು. ವಿಶ್ವಬ್ಯಾಂಕೂ ಸಮುದಾಯದ ಕಾರ್ಯಾಲಯವೂ ಕೂಡಿ 2014ರಲ್ಲಿ ಪರಿಶೀಲಿಸಿದಾಗ, ಸೇವೆಗಳ ವಿಷಯವೊಂದರಲ್ಲಿಯೇ ಕರಾರಿಗೆ ವಿರುದ್ಧವಾದ 63 ನಿಬಂಧನೆಗಳು ಸದಸ್ಯ ರಾಷ್ಟ್ರಗಳಲ್ಲಿ ಉಳಿದಿದ್ದವು. 2021ರ ಮಾರ್ಚಿಯಲ್ಲಿ ಕೆನ್ಯಾದ ಅಧಿಕಾರಿಗಳು, ಬೂಸಲಿನ ವಿಷವಿದೆಯೆಂಬ ಕಾರಣ ಕೊಟ್ಟು, ಉಗಾಂಡಾ ಟಾಂಜಾನಿಯಾಗಳ ಮುಸುಕಿನ ಜೋಳವನ್ನು ಒಂದು ಪತ್ರದಿಂದ ತಡೆದರು. ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ ಷರತ್ತುಗಳೊಡನೆ ಬಿಟ್ಟರು. 2025ರ ಜುಲೈಯಲ್ಲಿ ಟಾಂಜಾನಿಯಾ ಸರಕಾರವು ಕ್ಷೌರದಂಗಡಿ, ಮೊಬೈಲ್ ದುರಸ್ತಿ, ಪ್ರವಾಸಿಗಳಿಗೆ ದಾರಿ ತೋರಿಸುವ ಕೆಲಸ ಮೊದಲಾದ ಹದಿನೈದು ಬಗೆಯ ಕಸುಬುಗಳಿಂದ ಪರದೇಶಿಗಳನ್ನು ಹೊರಗಿಡುವ ಆಜ್ಞೆಯನ್ನು ಹೊರಡಿಸಿತು. ಸಮುದಾಯದ ಪ್ರಜೆಗಳಿಗೆ ಒಬ್ಬರೊಬ್ಬರ ದೇಶದಲ್ಲಿ ನೆಲೆಯೂರಿ ಕಸುಬು ಮಾಡುವ ಹಕ್ಕನ್ನು 2010ರ ಕರಾರು ಕೊಟ್ಟಿದ್ದುದರಿಂದ ಕೆನ್ಯಾ ಇದನ್ನು ಆಕ್ಷೇಪಿಸಿತು. ಒಂದೇ ನಾಣ್ಯವು 2024ರ ಹೊತ್ತಿಗೆ ಚಲಾವಣೆಗೆ ಬರಬೇಕೆಂದು ಇದ್ದಿತು; ಆ ವರ್ಷವೂ ಕಳೆಯಿತು, ಗುರಿಯು 2031ಕ್ಕೆ ಸರಿಯಿತು.

ಕೆಟ್ಟುದನ್ನು ತಿದ್ದಲು ನ್ಯಾಯಾಸ್ಥಾನವಿಲ್ಲವೇ ಎಂದು ವಾಚಕರು ಕೇಳಬಹುದು. ಇದೆ. ಕೆನ್ಯಾದಲ್ಲಿ ತಯಾರಾದ ಸಿಗರೇಟಿನ ಮೇಲೆ ಉಗಾಂಡಾವು ತನ್ನ ನಾಡಿನ ಸಿಗರೇಟಿಗಿಂತ ಹೆಚ್ಚಿನ ತೆರಿಗೆ ಹಾಕಿದಾಗ, ಅದು ಒಡಂಬಡಿಕೆಗೆ ವಿರುದ್ಧವೆಂದು ಪೂರ್ವ ಆಫ್ರಿಕದ ನ್ಯಾಯಾಸ್ಥಾನವು 2019ರಲ್ಲಿ ತೀರ್ಪಿತ್ತಿತು. ಆದರೆ ತೀರ್ಪನ್ನು ನಡೆಸಬೇಕಾದವರು ಆಯಾ ಸರಕಾರದವರೇ. ತಪ್ಪಿದವರ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರವು ರಾಷ್ಟ್ರಾಧ್ಯಕ್ಷರ ಸಭೆಗೆ ಇದೆಯಾದರೂ, ಆ ಸಭೆಯ ನಿರ್ಣಯಗಳು ಸರ್ವಸಮ್ಮತವಾಗಿರಬೇಕು. ಆರೋಪಿಯೇ ಪಂಚಾಯತಿಯ ಕಟ್ಟೆಯ ಮೇಲೆ ಕುಳಿತಿರುವಾಗ ಶಿಕ್ಷೆಯ ಮಾತೆಲ್ಲಿಯದು?

ಸರಕಾರಗಳ ಪಕ್ಷವನ್ನೂ ಹೇಳಬೇಕು. ಬಡ ರಾಷ್ಟ್ರದ ಬೊಕ್ಕಸಕ್ಕೆ ಸುಂಕವು ದೊಡ್ಡ ಆದಾಯ. ಎಳೆಯ ಕೈಗಾರಿಕೆಯನ್ನು ಬಲಿಷ್ಠನೆದುರು ಒಮ್ಮೆಗೇ ನಿಲ್ಲಿಸಿದರೆ ಅದು ಬಿದ್ದುಹೋದೀತೆಂಬ ಭಯವೂ ಸುಳ್ಳಲ್ಲ. ಹೊರಗಿನ ಸರಕಿನ ಮೇಲಣ ಸಾಮಾನ್ಯ ಸುಂಕವನ್ನು ಒಂದು ವರ್ಷದ ಮಟ್ಟಿಗೆ ಬದಲಾಯಿಸಿಕೊಳ್ಳುವ ಅನುಮತಿಯು ಬಂದುದು ಇದಕ್ಕಾಗಿಯೇ. ಆದರೆ ಆ ಅನುಮತಿಯು ವರ್ಷವರ್ಷವೂ ಕೇಳಿ ಪಡೆಯುವ ವಾಡಿಕೆಯಾಗಿ ಬೆಳೆದು, ಸಾಮಾನ್ಯ ಸುಂಕವೆಂಬ ಮಾತೇ ಸಡಿಲವಾಗುತ್ತ ಬಂದಿದೆ. ವಿನಾಯಿತಿಗೆ ಕೊನೆಯ ದಿನವಿರದಿದ್ದರೆ ಅದೇ ನಿಯಮವಾಗಿಬಿಡುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಮಾಡತಕ್ಕ ಕಾರ್ಯವು ಮೂರು ಬಗೆಯದು. ಯಾವ ಸರಕಾರವೂ ಕರಾರಿಗೆ ಸಹಿ ಹಾಕುವ ಮೊದಲು, ಅದಕ್ಕಾಗಿ ತಿದ್ದಬೇಕಾದ ಕಾಯಿದೆಗಳ ಪಟ್ಟಿಯನ್ನೂ ತಿದ್ದುವ ತಾರೀಖನ್ನೂ ಹೊಣೆಯಾದ ಇಲಾಖೆಯ ಹೆಸರನ್ನೂ ತನ್ನ ಶಾಸನಸಭೆಯ ಮುಂದಿಡಬೇಕು. ಪ್ರತಿವರ್ಷವೂ ನೆರವೇರಿದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕವನ್ನು ಅದೇ ಸಭೆಗೆ ಒಪ್ಪಿಸಬೇಕು. ತಪ್ಪಿದ ರಾಷ್ಟ್ರದ ವಿಚಾರಣೆ ನಡೆಯುವಾಗ ಆ ರಾಷ್ಟ್ರದ ಸಮ್ಮತಿಯನ್ನು ಎಣಿಕೆಗೆ ತೆಗೆದುಕೊಳ್ಳಬಾರದು. ಇವುಗಳಿಗೆ ಹಣಕ್ಕಿಂತ ಹೆಚ್ಚಾಗಿ ಮನಸ್ಸು ಬೇಕು.

ಇದರಿಂದ ಗೆಲ್ಲುವವರೂ ಸೋಲುವವರೂ ಯಾರೆಂಬುದನ್ನು ಮರೆಯಲಾಗದು. ದೊಡ್ಡ ಕಂಪೆನಿಗೆ ವಕೀಲರಿದ್ದಾರೆ. ಅದು ಅರುಷಾದವರೆಗೂ ಹೋಗಿ ವ್ಯಾಜ್ಯ ಹೂಡಬಲ್ಲುದು. ಬುಸಿಯಾದ ಗಡಿಯನ್ನು ಕಾಳಿನ ಮೂಟೆಯೊಡನೆ ದಾಟುವ ಬಡ ಹೆಂಗಸಿಗೆ ಆ ದಾರಿಯಿಲ್ಲ. 2,000 ಡಾಲರಿಗೆ ಮೀರದ ಪಟ್ಟಿಯಲ್ಲಿನ ಸರಕಿಗೆ ಗಡಿಯಲ್ಲಿಯೇ ಸುಲಭ ಪ್ರಮಾಣಪತ್ರ ಕೊಟ್ಟು, ಸುಂಕವಿಲ್ಲದೆ ಬಿಡಬೇಕೆಂಬ ನಿಯಮವು ಅಂಥವರಿಗಾಗಿಯೇ ಆಗಿದೆ. ಆ ನಿಯಮ ಅವಳಿಗೆ ತಿಳಿದಿದೆಯೇ, ನಾಕೆಯ ಅಧಿಕಾರಿಯು ಅದರಂತೆ ನಡೆಯುತ್ತಾನೆಯೇ ಎಂಬ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರವೇ ಒಡಂಬಡಿಕೆಯ ಬೆಲೆಯನ್ನು ನಿರ್ಣಯಿಸುತ್ತದೆ. 1977ರಲ್ಲಿ ಸಮುದಾಯವು ಒಡೆದಾಗ ಅದನ್ನು ತಮ್ಮದೆಂದು ಬಗೆದು ಉಳಿಸಹೊರಟ ಜನರಿರಲಿಲ್ಲ. ಅಂಥ ಜನರನ್ನು ಈ ಸಲವಾದರೂ ಪಡೆಯಬೇಕಾದರೆ, ಕರಾರಿನ ಫಲವು ಮೊದಲು ಆ ಮೂಟೆ ಹೊತ್ತವಳ ಕೈಗೆ ಮುಟ್ಟಬೇಕು.