ನರ್ಸಿಂಗ್ ಶಿಕ್ಷಣ: ಸಾಲಕ್ಕೆ ಮುನ್ನ ಸಂಬಳದ ಲೆಕ್ಕ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ನರ್ಸಿಂಗ್ ಶಿಕ್ಷಣದ ಪ್ರಸ್ತಾಪ ಬಾರದಿರುವುದು ಅಪರೂಪ. ರೋಗಿಗಳ ಶುಶ್ರೂಷೆಗೂ ಧರ್ಮಸಭೆಗೂ ಇರುವ ನಂಟು ಹಳೆಯದು. ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಆರಂಭಿಸಿದ ಔಷಧ ಸೇವೆ ಇಂದು ದೊಡ್ಡ ಆಸ್ಪತ್ರೆಯಾಗಿ ಬೆಳೆದು ನಿಂತಿದೆ. ಮಗಳು ನರ್ಸ್ ಆಗಿ ಕೊಲ್ಲಿ ರಾಷ್ಟ್ರಕ್ಕೆ ಹೋದಳು, ತಮ್ಮಂದಿರನ್ನು ಓದಿಸಿದಳು, ಮನೆ ಕಟ್ಟಿಸಿದಳು ಎಂಬ ಮಾತು ನಮ್ಮಲ್ಲಿ ಯಾರಿಗೂ ಹೊಸದಲ್ಲ.

ಈ ಮಾತನ್ನು ನಂಬಿ ಇಂದು ಅನೇಕ ಹೆತ್ತವರು ಬ್ಯಾಂಕಿನ ಮೆಟ್ಟಿಲು ಹತ್ತುತ್ತಿದ್ದಾರೆ. ವಿದ್ಯೆಗಾಗಿ ಸಾಲ ಮಾಡುವುದು ತಪ್ಪಲ್ಲ. ಆದರೆ ಸಾಲದ ಮೊತ್ತವನ್ನು ವಿದೇಶದ ಸಂಬಳದೊಡನೆ ತೂಗಿ ನೋಡುವುದು ಅಪಾಯಕರ. ಊರಿನ ಆಸ್ಪತ್ರೆಯಲ್ಲಿ ಸಿಗುವ ಮೊದಲ ಸಂಬಳದೊಡನೆ ಅದನ್ನು ತೂಗಬೇಕು.

ಸಾಲ ಬೆಳೆಯುವ ಬಗೆ

ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ ವ್ಯಾಸಂಗ. ವರ್ಷಕ್ಕೆ ಒಂದೂವರೆ ಲಕ್ಷದಂತೆ ಒಟ್ಟು ಆರು ಲಕ್ಷ ರೂಪಾಯಿಯನ್ನು ಶೇ. 10ರ ಬಡ್ಡಿಗೆ ಪಡೆದಿರೆಂದು ಇಟ್ಟುಕೊಳ್ಳೋಣ. ಸಾಮಾನ್ಯವಾಗಿ ಓದಿನ ಅವಧಿಯಲ್ಲೂ ಆನಂತರದ ಒಂದು ವರ್ಷದಲ್ಲೂ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಸುಮ್ಮನಿರುವುದಿಲ್ಲ. ಸರಳ ಬಡ್ಡಿಯನ್ನೇ ಹಿಡಿದರೂ ಐದು ವರ್ಷ ಮುಗಿಯುವಾಗ ಸಾಲ 8,10,000 ರೂ. ಆಗಿರುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,700 ರೂ. ಬೇಕು. ಹದಿನೈದು ವರ್ಷಗಳಿಗೆ ವಿಸ್ತರಿಸಿದರೆ ಕಂತು ಸುಮಾರು 8,700 ರೂ.ಗೆ ಇಳಿಯುತ್ತದಾದರೂ, ಆರು ಲಕ್ಷದ ಸಾಲಕ್ಕೆ ಒಟ್ಟು ಹದಿನೈದೂವರೆ ಲಕ್ಷಕ್ಕೂ ಮಿಕ್ಕಿ ಕಟ್ಟಿದಂತಾಗುತ್ತದೆ.

ಓದಿನ ಕಾಲದಲ್ಲೇ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತ ಬಂದರೆ ಚಿತ್ರ ಬದಲಾಗುತ್ತದೆ. ಅದು ಮೊದಲ ವರ್ಷ ತಿಂಗಳಿಗೆ 1,250 ರೂ. ಇದ್ದು, ನಾಲ್ಕನೆಯ ವರ್ಷದ ಹೊತ್ತಿಗೆ 5,000 ರೂ.ಗೆ ಏರುತ್ತದೆ. ಹೀಗೆ ಮಾಡಿದಲ್ಲಿ ಸಾಲ ಆರು ಲಕ್ಷದಲ್ಲೇ ನಿಲ್ಲುತ್ತದೆ. ಹತ್ತು ವರ್ಷಗಳ ಕಂತು ಎಂಟು ಸಾವಿರದೊಳಗೆ ಬರುತ್ತದೆ.

ಸಂಬಳದ ವಾಸ್ತವ

ಖಾಸಗಿ ಆಸ್ಪತ್ರೆಗಳ ನರ್ಸುಗಳ ಸಂಬಳ ತೀರಾ ಕಡಿಮೆಯೆಂಬ ದೂರು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 2016ರ ಜನವರಿಯಲ್ಲಿ ನ್ಯಾಯಾಲಯ ನೀಡಿದ ಆದೇಶದಂತೆ ಕೇಂದ್ರ ಸರಕಾರ ಸಮಿತಿಯೊಂದನ್ನು ನೇಮಿಸಿತು. ಐವತ್ತು ಹಾಸಿಗೆಗಳಿಗಿಂತ ಚಿಕ್ಕದಾದ ಆಸ್ಪತ್ರೆಯಲ್ಲೂ ತಿಂಗಳ ಸಂಬಳ 20,000 ರೂ.ಗಿಂತ ಕಡಿಮೆ ಇರಬಾರದು, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳಿರುವಲ್ಲಿ ಅದು ರಾಜ್ಯ ಸರಕಾರಿ ನರ್ಸುಗಳ ಸಂಬಳಕ್ಕೆ ಸಮನಾಗಿರಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ನೆರೆಯ ಕೇರಳ, ನರ್ಸುಗಳ ದೀರ್ಘ ಹೋರಾಟದ ಬಳಿಕ, 2018ರಲ್ಲಿ ಕನಿಷ್ಠ ವೇತನವನ್ನು 20,000 ರೂ.ಗೆ ನಿಗದಿಪಡಿಸಿತು. ಆದರೆ ಶಿಫಾರಸು ತಾನಾಗಿಯೇ ಕಾನೂನಾಗುವುದಿಲ್ಲ. ರಾಜ್ಯ ಸರಕಾರ ಆದೇಶ ಹೊರಡಿಸದ ಹೊರತು ಆಸ್ಪತ್ರೆ ಕೊಟ್ಟಿದ್ದೇ ಸಂಬಳ.

ಇಪ್ಪತ್ತು ಸಾವಿರವೇ ಸಿಕ್ಕಿತೆನ್ನೋಣ. ಅದರಲ್ಲಿ 10,700 ರೂ. ಕಂತಿಗೆ ಹೋದರೆ ಹಾಸ್ಟೆಲು, ಊಟ, ಬಸ್ಸಿನ ಖರ್ಚಿಗೆ ಉಳಿಯುವುದೆಷ್ಟು? ಕಂತು ಮೊದಲ ಸಂಬಳದ ನಾಲ್ಕನೆಯ ಒಂದು ಭಾಗದ ಆಸುಪಾಸಿನಲ್ಲಿರಬೇಕೆಂದರೆ ಸಾಲ ಮೂರು ಲಕ್ಷ ರೂಪಾಯಿ ಮೀರದಿರುವುದು ಲೇಸು.

ಸರಕಾರಿ ಹುದ್ದೆಯ ಮಾತು ಬೇರೆ. ಏಳನೆಯ ವೇತನ ಆಯೋಗದಂತೆ ಏಮ್ಸ್ ಸಂಸ್ಥೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ 44,900 ರೂ. ಆರಂಭಿಕ ಮೂಲವೇತನ ನಿಗದಿಯಾಯಿತು. ಆದರೆ ಅದಕ್ಕೆ ದೇಶದಾದ್ಯಂತದ ಅಭ್ಯರ್ಥಿಗಳೊಡನೆ ಸ್ಪರ್ಧಾ ಪರೀಕ್ಷೆ ಬರೆಯಬೇಕು.

ವಿದೇಶದ ದಾರಿ

ವಿದೇಶದ ಬಾಗಿಲು ಮುಚ್ಚಿಲ್ಲ, ಆದರೆ ಪದವಿ ಕೈಸೇರಿದ ಮರುದಿನವೇ ಅದು ತೆರೆಯುವುದಿಲ್ಲ. ಕೊಲ್ಲಿ ರಾಷ್ಟ್ರಗಳ ಆಸ್ಪತ್ರೆಗಳು ಸಾಮಾನ್ಯವಾಗಿ ಎರಡು ವರ್ಷಗಳ ಅನುಭವವನ್ನೂ ಪರವಾನಿಗೆ ಪರೀಕ್ಷೆಯನ್ನೂ ಕೇಳುತ್ತವೆ. ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆಯ ಜೊತೆಗೆ ವೃತ್ತಿ ಪರೀಕ್ಷೆಗಳಿವೆ. ಜರ್ಮನಿಗೆ ಆ ದೇಶದ ಭಾಷೆಯನ್ನು ಕಲಿಯಬೇಕು. ಈ ಎರಡು ಮೂರು ವರ್ಷಗಳ ಕಂತನ್ನು ಊರಿನ ಸಂಬಳದಿಂದಲೇ ಕಟ್ಟಬೇಕೆಂಬುದನ್ನು ಮರೆಯಲಾಗದು.

ಮಧ್ಯವರ್ತಿಗಳ ವಿಷಯದಲ್ಲೂ ಎಚ್ಚರ ಬೇಕು. ವಿದೇಶೀ ಉದ್ಯೋಗಕ್ಕಾಗಿ ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕಕ್ಕೆ ವಲಸೆ ನಿಯಮಗಳಲ್ಲಿ 30,000 ರೂ. ಮತ್ತು ತೆರಿಗೆಯ ಮಿತಿ ಇದೆ. ಲಕ್ಷಗಟ್ಟಲೆ ಕೇಳುವವನಿಗೆ ಹಣ ಕೊಡಲು ಎರಡನೆಯ ಸಾಲ ಮಾಡುವುದು ಬೇಡ.

ಸೀಟು ಒಪ್ಪುವ ಮುನ್ನ

ಸಿಇಟಿ ಬರೆದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸಿಗುವ ಸರಕಾರಿ ಸೀಟಿಗೆ ಮೊದಲು ಪ್ರಯತ್ನಿಸಬೇಕು. ಮ್ಯಾನೇಜ್‌ಮೆಂಟ್ ಸೀಟಿಗೂ ಅದಕ್ಕೂ ಶುಲ್ಕದಲ್ಲಿ ಬಹಳ ಅಂತರವಿದೆ. ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ, ಮುಂದೆ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡುವ ದಾರಿಯೂ ಇದೆ. ಸಾಲದ ದೃಷ್ಟಿಯಿಂದ ಇದು ಹಗುರ. ಆದರೆ ಏಮ್ಸ್ ಪರೀಕ್ಷೆಗೆ ಪದವೀಧರರು ಓದು ಮುಗಿಸಿದೊಡನೆ ಅರ್ಹರಾದರೆ, ಡಿಪ್ಲೊಮಾ ಪಡೆದವರಿಗೆ ಎರಡು ವರ್ಷಗಳ ಅನುಭವ ಬೇಕಾಗುತ್ತದೆ.

ಕಾಲೇಜಿನಲ್ಲಿ ಕೇಳಲೇಬೇಕಾದ ಪ್ರಶ್ನೆಗಳಿವೆ. ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಈ ವರ್ಷಕ್ಕೂ ಇದೆಯೇ? ತರಬೇತಿಗೆ ಸ್ವಂತ ಆಸ್ಪತ್ರೆ ಇದೆಯೇ? ಹಾಸ್ಟೆಲು, ಸಮವಸ್ತ್ರ, ಪರೀಕ್ಷೆಗಳೆಲ್ಲ ಸೇರಿ ನಾಲ್ಕು ವರ್ಷಗಳ ಖರ್ಚೆಷ್ಟು? ಕಳೆದ ವರ್ಷ ಹೊರಬಂದವರು ಎಲ್ಲಿದ್ದಾರೆ, ಏನು ಸಂಬಳ ಪಡೆಯುತ್ತಿದ್ದಾರೆ? ಕೊನೆಯ ಪ್ರಶ್ನೆಯನ್ನು ಹಳೆಯ ವಿದ್ಯಾರ್ಥಿನಿಯರಲ್ಲೇ ಕೇಳುವುದು ಉತ್ತಮ.

ಬ್ಯಾಂಕಿನಲ್ಲಿಯೂ ವಿಚಾರಿಸಬೇಕು. ಕುಟುಂಬದ ವಾರ್ಷಿಕ ವರಮಾನ ನಾಲ್ಕೂವರೆ ಲಕ್ಷ ರೂಪಾಯಿ ಮೀರದಿದ್ದರೆ, ನಿಯಮಗಳಿಗೆ ಒಳಪಡುವ ಸಂಸ್ಥೆಗಳಲ್ಲಿ ವೃತ್ತಿಶಿಕ್ಷಣ ಪಡೆಯುವವರ ಓದಿನ ಕಾಲದ ಬಡ್ಡಿಯನ್ನು ಕೇಂದ್ರ ಸರಕಾರವೇ ಭರಿಸುವ ಯೋಜನೆಯಿದೆ. ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಂಡರೆ ಅಲೆದಾಟ ತಪ್ಪೀತು.

ಸೇವೆ ಮತ್ತು ನ್ಯಾಯ

ನರ್ಸಿಂಗ್ ಒಂದು ಸೇವೆ, ಅಲ್ಲಿ ಹಣದ ಮಾತೇಕೆ ಎನ್ನುವವರಿದ್ದಾರೆ. ದುಡಿಯುವವರಿಗೆ ನ್ಯಾಯವಾದ ವೇತನ ಸಲ್ಲಬೇಕೆಂದು ಹದಿಮೂರನೆಯ ಲಿಯೋ ಜಗದ್ಗುರುಗಳು 1891ರಲ್ಲೇ ತಮ್ಮ 'ರೇರುಂ ನೊವಾರುಂ' ಪರಿಪತ್ರದಲ್ಲಿ ಸಾರಿದ್ದಾರೆ. ಶುಲ್ಕ ಪಡೆದು ಕಲಿಸುವ ಸಂಸ್ಥೆಯೇ ನಾಳೆ ಸಂಬಳ ಕೊಡುವ ಆಸ್ಪತ್ರೆಯೂ ಆಗಿರುವಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ನಮ್ಮ ಸಂಸ್ಥೆಗಳು ಇದಕ್ಕೆ ಹೊರತಲ್ಲ.

ಸಾಲದ ಪತ್ರಕ್ಕೆ ಅಪ್ಪ ಸಹಿ ಹಾಕಿದರೂ ಅದನ್ನು ತೀರಿಸುವವಳು ಮಗಳು. ಆಕೆಯ ಮದುವೆ, ಮುಂದಿನ ಓದು, ಒಲ್ಲದ ಕೆಲಸವನ್ನು ಬಿಡುವ ಸ್ವಾತಂತ್ರ್ಯ ಎಲ್ಲವೂ ಆ ಕಂತಿಗೆ ಕಟ್ಟುಬೀಳುತ್ತವೆ. ಆದ್ದರಿಂದ ಅರ್ಜಿ ತುಂಬುವ ಮುನ್ನ ಒಂದು ಸಂಜೆ, ಪ್ರಾರ್ಥನೆ ಮುಗಿದ ಬಳಿಕ, ಹಾಳೆಯೊಂದರ ಒಂದು ಬದಿಯಲ್ಲಿ ಕಂತನ್ನೂ ಇನ್ನೊಂದು ಬದಿಯಲ್ಲಿ ಊರಿನ ಸಂಬಳವನ್ನೂ ಬರೆದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿರಿ. ಲೆಕ್ಕ ಕೂಡಿಬಂದರೆ ಧೈರ್ಯವಾಗಿ ಕಳುಹಿಸಿರಿ.